ಒಂದು ಕಣ್ಣಾಗ ಎರಡು ಎಳಿ

ಬನಹಟ್ಟಿ ಓಣಿಗಳಾಗ ನನಗ ಕೆಚ್ಚೋ ಬಾಯಿ ಅಂತಿದ್ರು. ಮಗ್ಗಕ್ಕ ಉದ್ದುದ್ದ ಹೂಡಿದ ಎಳಿಗಳ ಹಾಸು ಮುಗೀಲಿಕ್ಕೆ ಬಂತು ಅಂದ್ರ, ಉಳದ ಹಳೆ ಎಳಿಗಳ ತುದಿಗೆ ಹೊಸ ಹಾಸಿನ ಎಳಿ ಒಂದೊಂದ ಹಚ್ಚಿ ಹೊಸೀಬೇಕು. ಅದಕ್ಕ ಕೆಚ್ಚೋದು ಅಂತಾರ. ಬೆರಳಿಗೆ ಬೂದಿ ಹಚ್ಚಿಕೊಂಡು ಮುಂಜಾನೆ ಕುಂತ್ರ ಸಂಜೀ ಮುಂದ ಏಳೋದು. ಸಾವಿರದ ಮ್ಯಾಲ ಎಳಿ ಇರತಾವ. ಒಂದೊಂದು ಎಳಿಗೂ ಮಗ್ಗದಾಗ ದಾರದ್ದೊಂದು ಕಣ್ಣು, ಒಂದು ಕಣ್ಣಿಗೆ ಒಂದ ಎಳಿ. ನಡುವ ಒಂದ ತಪ್ಪಿದ್ರ ಮುಂದಿನವು ಎಲ್ಲಾ ತಪ್ಪತಾವ.

ನಾ ಗುಳೇದಗುಡ್ಡದಾಕಿ. ನಮ್ಮ ಅಜ್ಜನ ಕಾಲಕ್ಕ ನಮ್ಮ ಮನಿಯವರು ಕ್ರಿಸ್ತನ ಹಾದಿ ಹಿಡದ್ರು, ಆದ್ರ ಮಗ್ಗ ಬಿಡಲಿಲ್ಲ. ಮದಿವಿ ಆಗಿ ಬನಹಟ್ಟಿಗೆ ಬಂದ ನಾಕನೇ ವರ್ಷಕ್ಕ ಗಂಡ ಜ್ವರದಾಗ ತೀರಿಕೊಂಡ. ಮಕ್ಕಳಿರಲಿಲ್ಲ. ಜಮಖಂಡಿ ರಾಜರ ಆಳಿಕಿ ಹೋಗಿ ಮುಂಬೈ ಸರಕಾರ ಬಂದ ಹೊಸದು ಅದು. ಕಚೇರ್ಯಾಗಿನ ಬೋರ್ಡು ಬದಲಾದ್ವು, ನನ್ನ ಖೋಲಿ ಹಂಗ ಇತ್ತು. ಇಡೀ ಓಣಿಗೆ ನಮ್ಮ ಮತದಾಕಿ ನಾ ಒಬ್ಬಾಕಿನ.

ಹೊಸ ಹಾಸು ಹೂಡೋ ದಿವಸ ಮಗ್ಗಕ್ಕ ವಿಭೂತಿ ಹಚ್ಚಿ, ಕೆಚ್ಚಾಕ ಬಂದಾಕಿ ಹಣಿಗೂ ಹಚ್ಚೋದು ರೂಢಿ. ನಾ ಬ್ಯಾಡರಿ ಅಂತಿದ್ದೆ. ಅವರ ಪೂಜಿ ಮುಗಿಯೋತನಕ ಬಾಗಲ ಹತ್ರ ನಿಂತು, ಆಮ್ಯಾಲ ಕಣ್ಣು ಮುಚ್ಚಿ ನನ್ನ ಪ್ರಾರ್ಥನಾ ಮಾಡಿ ಕೂಡತಿದ್ದೆ. ನಮ್ಮ ಓಣಿಯ ಒಬ್ಬ ಹಿರಿ ಹೆಂಗಸಿಗೆ ಇದನ್ನ ನೋಡಿ ಭಾಳ ನಗಿ. "ನಿಮ್ಮ ದೇವರಿಗೆ ನೇಯಾಕ ಬರತೈತೇನ ಬೇ?" ಅಂತ ಕೇಳತಿದ್ಲು. "ನೇಯಾಕ ಬರತಿದ್ದಿಲ್ಲರಿ, ಬಡಗಿ ಕೆಲಸ ಬರತಿತ್ತು. ನಿಮ್ಮ ಮಗ್ಗ ರಿಪೇರಿ ಮಾಡಿ ಕೊಡತಿದ್ದ" ಅಂತಿದ್ದೆ. ಆಕಿ ನಗತಿದ್ಲು. ನನಗೂ ಒಳಗೊಳಗ ಹೆಮ್ಮಿ. ನಾಕ ಮಂದಿ ಮುಂದ ವಿಭೂತಿ ಬ್ಯಾಡ ಅಂದೆ, ನಾ ಗಟ್ಟಿ ಹೆಣ್ಣು ಅಂತ ತಿಳಕೊಂಡಿದ್ದೆ. ಅದರಿಂದ ನನ್ನ ಒಂದು ಕೂದಲೂ ಕೊಂಕಿದ್ದಿಲ್ಲ, ಆ ಮಾತು ಬ್ಯಾರೆ.

ತಿಂಗಳಿಗೊಮ್ಮೆ ಬಿಜಾಪುರದಿಂದ ಪಾದ್ರಿಗಳು ಜಮಖಂಡಿಗೆ ಬರತಿದ್ರು. ಅಲ್ಲಿ ಒಬ್ಬ ಸಾಲಿ ಮಾಸ್ತರರ ಮನ್ಯಾಗ ಹತ್ತು ಹನ್ನೆರಡು ಮಂದಿ ಕೂಡತಿದ್ವಿ. ರೊಟ್ಟಿ, ದ್ರಾಕ್ಷಿರಸ ತಗೊಂಡು, ನಮ್ಮವರ ಮುಖ ನೋಡಿ, ನಮ್ಮ ಹಾಡು ಹತ್ತು ದನಿಯಾಗ ಕೇಳಿ ಬಂದ್ರ ತಿಂಗಳು ದೂಡೋದು ನಡೀತಿತ್ತು. ಆ ಐತವಾರಕ್ಕ ನಾ ಹಸದಿರತಿದ್ದೆ.

ಅಂಥಾ ಒಂದು ಐತವಾರದ ಹಿಂದಿನ ದಿವಸ, ಶನಿವಾರ, ಆ ಹಿರಿ ಹೆಂಗಸಿನ ಮನ್ಯಾಗ ಕೆಚ್ಚಾಕತ್ತಿದ್ದೆ. ಜಮಖಂಡಿ ಮೋಟಾರು ಹೊಂಡೋ ಹೊತ್ತಾಗಿತ್ತು. ಕಡೀಕ ಬಂದು ನೋಡತೀನಿ, ಹೊಸ ಹಾಸಿನ್ಯಾಗ ಒಂದು ಎಳಿ ಹೆಚ್ಚಿಗಿ ಉಳದೈತಿ. ಅಂದ್ರ ನಡುವ ಎಲ್ಲೋ ಹಳೇದೊಂದು ತುದಿ ಬಿಟ್ಟೀನಿ, ಅಲ್ಲಿಂದ ಮುಂದ ಎಲ್ಲಾ ಸರದಾವ. ಬಿಚ್ಚಿ ಮತ್ತ ಕೆಚ್ಚಬೇಕಂದ್ರ ಮೋಟಾರು ತಪ್ಪತೈತಿ. ಆ ಹೆಚ್ಚಿನ ಎಳಿ ಕಡೀ ಎಳಿಗೆ ಸೇರಿಸಿ ಹೊಸೆದು, ಕೈ ಝಾಡಿಸಿ, "ಆತರಿ" ಅಂದೆ. ಹಿಂಗ ನಾ ದೇವರ ಹತ್ರ ಓಡಿದ್ದು.

ಸೋಮವಾರ ಆ ಮನಿ ಮಗ ನೇಯಾಕ ಕುಂತ. ಒಂದು ಮೊಳ ಆಗೂದ್ರಾಗ ಸೀರಿ ದಡಿಯ ಕೆಂಪು ಎಳಿ ಒಡಲಿನ ಕರೀದ್ರಾಗ ಸೇರಿ ಗೆರಿ ಬಿತ್ತು. ಎಳಿ ಒಂದಕ್ಕೊಂದು ತಿಕ್ಕಿ ಪಟಪಟ ಹರಿಯಾಕತ್ವು. ಅಲ್ಲಿ ಹಾಸು ಕೆಟ್ರ ಮೊದಲ ಕೇಳೋ ಮಾತು ಒಂದ: ಹೊರಗ ಕುಂತವರು ಯಾರರ ಮುಟ್ಟ್ಯಾರೇನು. ತಿಂಗಳ ಮೂರು ದಿವಸ ಹೆಣ್ಣಮಕ್ಕಳು ಮಗ್ಗದ ಕುಣಿ ಹತ್ರ ಹಾಯಬಾರದು. ಮನ್ಯಾಗ ಇದ್ದಾಕಿ ತೇರದಾಳದಿಂದ ಬಂದ ಎಳೀ ಸೊಸಿ. ಲಾಳಿಗೆ ಹಾಕೋ ನೂಲಿನ ಕಂಡಕಿ ಸುತ್ತಿ ಕೊಡತಿದ್ಲು. ತನ್ನ ದಿವಸ ಮುಚ್ಚಿಟ್ಟು ಮಗ್ಗ ಮುಟ್ಟ್ಯಾಳ ಅಂತ ಅತ್ತಿ, ಆ ಹಿರಿ ಹೆಂಗಸು, ಆಕಿ ಮ್ಯಾಲ ಹೊರಿಸಿದಳು. ಸೊಸಿ ಇಲ್ಲ ಅಂತ ಆಣಿ ಮಾಡಿದ್ರೂ ಕೇಳಲಿಲ್ಲ. ಹಿತ್ತಲದಾಗ ಕುಂದ್ರಿಸಿ, ಕರಕೊಂಡು ಹೋಗಾಕ ಅಪ್ಪಗ ಹೇಳಿ ಕಳಿಸಿದ್ಲು. ಹೋದಾಕೀನ್ನ ತಿರುಗಿ ಕರಸೂದಿಲ್ಲ, ಮಗನಿಗೆ ಬ್ಯಾರೆ ಹೆಣ್ಣು ನೋಡ್ಯಾರ ಅಂತ ಮಂಗಳವಾರ ಮುಂಜಾನೇನ ಓಣಿ ತುಂಬ ಆಗಿತ್ತು.

ಆ ಹಿತ್ತಲ ಗೋಡಿಗೆ ಹತ್ತಿಕೊಂಡ ನನ್ನ ಖೋಲಿ. ಆಕಿ ಅಳೋದು ನನಗ ಕೇಳತಿತ್ತು.

ಖರೆ ಹೇಳತೀನಿ, ಅವತ್ತ ಹೋಗಿ ಹೇಳಬಹುದಾಗಿತ್ತು. ಹೇಳಲಿಲ್ಲ. ಹೇಳಿದ್ರ ಯಾವ ಮನಿಯವರು ನನ್ನ ಮಗ್ಗದ ಹತ್ರ ಬಿಟ್ಟಾರು? ಕಿರಸ್ತಾನದಾಕಿ ಕೈ ಹತ್ತಿ ಹಾಸು ಕೆಟ್ಟಿತು ಅಂದಾರು, ನಮ್ಮ ಮಂದಿ ಮುಖಕ್ಕ ಮಸಿ ಹತ್ತತೈತಿ ಅಂತ ಸಮಾಧಾನ ಹೇಳಿಕೊಂಡೆ. ನೋಡ್ರಿ ಎಂಥಾ ನಾಟಕ, ನನ್ನ ಹೊಟ್ಟಿಗೆ ಹೆದರಿ ಯೇಸುವಿನ ಹೆಸರು ಕಾಯಾಕ ನಿಂತಿದ್ದೆ. ಕೇಳಾಕ ಗಂಡ ಇಲ್ಲ, ಪಾದ್ರಿಗಳು ಬರೋದು ಮುಂದಿನ ತಿಂಗಳು. ಬೈಬಲ್ ತೆರದ್ರ ಅಕ್ಷರ ಕಾಣತಿದ್ವು, ಒಂದೂ ಮಾತು ಒಳಗ ಇಳೀತಿರಲಿಲ್ಲ. ಆ ಖೋಲ್ಯಾಗ ನಾ ಅಷ್ಟು ಒಬ್ಬಾಕಿ ಗಂಡ ಸತ್ತಾಗೂ ಆಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಂಡಿ ಬಂತು. ಅಪ್ಪ ಕಟ್ಟಿ ಮ್ಯಾಲ ತಲಿ ಕೆಳಗ ಹಾಕಿ ಕುಂತಿದ್ದ. ಹುಡುಗಿ ಗಂಟು ಹಿಡಕೊಂಡು ಹೊರಗ ಬಂದಳು. ನನ್ನ ಕಾಲು ಹೆಂಗ ಎದ್ವೋ ಗೊತ್ತಿಲ್ಲ. ಹೋಗಿ ನಡುವ ನಿಂತೆ.

"ತಪ್ಪು ನಂದರಿ. ಹಾಸು ನಾ ಕೆಡಿಸೀನಿ. ಈಕಿ ಏನೂ ಮಾಡಿಲ್ಲ."

ಅತ್ತಿ ನನ್ನ ಮುಖ ನೋಡಿದಳು. "ನಿಮ್ಮ ದೇವರು ಮಂದಿ ಪಾಪ ಹೊರತಾನಂತಲ್ಲ. ನೀನೂ ಆಕಿದು ಹೊರಾಕ ಬಂದಿ ಏನ?" ಅಂದಳು. ಈ ಸಲ ನಗಲಿಲ್ಲ.

ಮಾತಿನಿಂದ ಆಗೂ ಕೆಲಸ ಅಲ್ಲ ಅಂತ ಕೈಕಾಲು ತೊಳಕೊಂಡು ಒಳಗ ಹೋದೆ. ಆಕಿ ಮಗ ಹರದ ಎಳಿಗೆ ಗಂಟು ಹಾಕಿಕೋತ ಕುಂತಿದ್ದ. ಕಡೀ ಅಂಚಿನ ಕಣ್ಣು ತೋರಿಸಿದೆ, ಒಂದ ಕಣ್ಣಾಗ ಎರಡು ಎಳಿ. ಅಲ್ಲಿಂದ ಎಣಿಸಿಕೋತ ಬಂದು ನಡುವ ಖಾಲಿ ಕಣ್ಣೂ ತೋರಿಸಿದೆ. "ಶನಿವಾರ ನನಗ ಗೊತ್ತಾಗಿತ್ತರಿ. ಮೋಟಾರು ತಪ್ಪತೈತಿ ಅಂತ ಬಿಚ್ಚಲಿಲ್ಲ" ಅಂದೆ. ಮಗ ಬಗ್ಗಿ ನೋಡಿದ, ಹಿಂದ ಬಂದ ಅತ್ತಿಯೂ ಬಗ್ಗಿ ನೋಡಿದಳು. ನಾಕ ದಿವಸ ಆ ಮಗ್ಗದಾಗ ಕುಂತಾವ, ನೇಕಾರ, ಅವನಿಗೆ ಆ ಕಣ್ಣು ಕಂಡಿದ್ದಿಲ್ಲೇನು? ಕಂಡಿರಬೇಕು. ತಾಯಿ ಮುಂದ ಬಾಯಿ ತೆರಿಯೋ ಗಂಡಸಲ್ಲ ಅವ.

ಬಂಡಿ ಖಾಲಿ ಹೋತು. ಸೊಸಿ ಗಂಟು ಒಳಗ ಹೋತು. ಅತ್ತಿ ನನಗ ಬೈಲಿಲ್ಲ. "ಇನ್ನ ಈ ಹೊಸ್ತಲ ತುಳೀಬ್ಯಾಡ" ಅಂದಳು, ಅಷ್ಟ.

ಆ ತಿಂಗಳು ಯಾರೂ ನನ್ನ ಕೆಚ್ಚಾಕ ಕರೀಲಿಲ್ಲ. ಬಾಗಲದಾಗ ಕುಂತು ಎಲ್ಲಾ ಮನಿ ಮಗ್ಗದ ಸಪ್ಪಳ ಕೇಳತಿದ್ದೆ. ನನ್ನ ಬೆರಳ ಸಂದ್ಯಾಗಿನ ಬೂದಿ ತೊಳದು ಹೋತು. ಎದುರು ಬಂದವರು ಆಚೆ ದಂಡಿಗೆ ಸರೀತಿದ್ರು. ಮದಲೂ ಸರೀತಿದ್ರು, ಆದ್ರ ಮದಲು ಕೆಲಸ ಇತ್ತು.

ಮುಂದಿನ ಸಲ ಜಮಖಂಡಿಗೆ ಹೋದಾಗ ಪಾದ್ರಿಗಳಿಗೆ ಎಲ್ಲಾ ಹೇಳಿದೆ. ಅವರು ಪ್ರಸಂಗದಾಗ ನನ್ನ ಮಾತು ತಂದ್ರು. ನಮ್ಮ ಸಹೋದರಿ ಒಬ್ಬಾಕಿ ಇಡೀ ಓಣಿ ಮುಂದ ನಿಂತು ಸತ್ಯ ಹೇಳಿದಳು, ಧೈರ್ಯ ಅಂದ್ರ ಇದು ಅಂದ್ರು. ಎಲ್ಲಾರೂ ತಿರುಗಿ ನನ್ನ ನೋಡಿದ್ರು. ಮಾಸ್ತರರ ಹೆಂಡತಿ ನನ್ನ ಕೈ ಹಿಡಕೊಂಡ್ಲು. ಎಷ್ಟ ದಿವಸ ಆಗಿತ್ತೋ ಒಬ್ಬರು ನನ್ನ ಕೈ ಮುಟ್ಟಿ. ಅತ್ತುಬಿಟ್ಟೆ. ಖರೆ ಹೇಳಬೇಕಂದ್ರ ಆ ಹೊಗಳಿಕಿ ನನಗ ಛಲೋ ಅನಿಸಿತ್ತು, ದಾರಿ ತುಂಬ ಮೋಟಾರಿನ್ಯಾಗ ಅದನ್ನ ನೆನಸಿಕೋತ ಬಂದೆ.

ಓಣಿಗೆ ಬಂದಾಗ ಬಿಸಲಿಗೆ ಯಾರೂ ಇರಲಿಲ್ಲ. ಆ ಸೊಸಿ ಒಬ್ಬಾಕಿ ಗೋಡಿ ಮ್ಯಾಲ ಹಸಿ ನೂಲು ಹರವಾಕತ್ತಿದ್ಲು. ಆಕಿ ನನಗ ಒಂದು ಮಾತು ಅಂತಾಳ ಅಂತ ಆಸೆ ಇತ್ತು. ಇದ್ರ ಇರಲಿ, ನಾನೂ ಮನಶ್ಯಾಳು. ಹೆಜ್ಜಿ ಸಣ್ಣ ಮಾಡಿದೆ.

ಆಕಿ ನೂಲಿನಿಂದ ಕೈ ತಗೀಲಿಲ್ಲ, ನನ್ನ ಕಡೆ ತಿರಗಲಿಲ್ಲ.

"ಶನಿವಾರನ ಗೊತ್ತಿತ್ತು ಅಂದ್ರಿ ನೀವು" ಅಂದಳು. "ನಾ ನಾಕ ದಿವಸ ಹಿತ್ತಲದಾಗ ಕುಂತಿದ್ದೆ. ಗೋಡಿ ಆಚೆ ನೀವು ಹಾಡೋದು ಕೇಳತಿತ್ತು ನನಗ. ದಿನಾ ಸಂಜೀಕ ಹಾಡತಿದ್ರಿ."

ಹೌದು, ಹಾಡತಿದ್ದೆ. ಆಕಿ ಅಳೋದು ಕೇಳಬಾರದು ಅಂತ ಸ್ವಲ್ಪ ಜೋರಾಗೇ ಹಾಡತಿದ್ದೆ. ಪಾದ್ರಿಗಳಿಗೆ ಇದೊಂದ ಹೇಳಿರಲಿಲ್ಲ.

"ಹೆದರಿದ್ದೆ ತಂಗಿ" ಅಂದೆ.

ಆಕಿ ನೂಲಿನ ಇನ್ನೊಂದು ಲಡಿ ಎತ್ತಿ, ಝಾಡಿಸಿ, ಗೋಡಿ ಮ್ಯಾಲ ಹಾಕಿದಳು. ಆಮ್ಯಾಲ ಒಳಗ ಹೋದಳು. ನಾ ಆ ಓಣಿ ಬಿಟ್ಟು ಮುಧೋಳಕ್ಕ ಹೋಗೋತನಕ ಅಲ್ಲಿ ನನ್ನ ಕೂಡ ಮತ್ತ ಯಾರೂ ಮಾತಾಡಲಿಲ್ಲ.