ಒಪ್ಪತ್ತಿನ ಮೀನುಗಳು

ಮೀನು ಕಂಡ ಕೂಡಲೇ ನನಗೆ ಮೊದಲು ನೆನಪಾಗೋದು ಹುಣಸೇಹಣ್ಣು. ಇದರಲ್ಲಿ ಮುಚ್ಚುಮರೆ ಏನಿಲ್ಲ. ನಾನು ಹುಟ್ಟಿದ್ದು ಬೇಗೂರಿನಲ್ಲಿ, ಕೆರೆ ಏರಿಯ ಮಗ್ಗುಲಲ್ಲಿ. ಕೆರೆ ಬತ್ತುವ ಕಾಲಕ್ಕೆ ಊರಿಗೆ ಊರೇ ಮಂಕರಿ ಹಿಡಿದು ಕೆಸರಿಗೆ ಇಳಿಯುತ್ತಿತ್ತು. ಮೀನನ್ನು ಬೂದಿ ಹಾಕಿ ಉಜ್ಜೋದು, ಕುಯ್ಯೋದು, ಸಾರು ಮಾಡೋದು, ಮುಳ್ಳು ಗಂಟಲಿಗೆ ಸಿಕ್ಕಿದವರಿಗೆ ಮುದ್ದೆ ನುಂಗಿಸೋದು, ಇಷ್ಟು ನನ್ನ ವಿದ್ಯೆ. ಮೀನಿಗೆ ನಾವು ಊಟ ಹಾಕೋದು ಅಂತ ಯಾರಾದರೂ ಅಂದಿದ್ದರೆ, ಕೋಳಿಗೆ ಜಡೆ ಹಾಕು ಅಂದಷ್ಟೇ ನಗುತ್ತಿದ್ದೆ. ಅಂಥವಳು ಗುಂಡ್ಲುಪೇಟೆಯಲ್ಲಿ ಕಿರುಬೆರಳುದ್ದದ ನಾಲ್ಕು ಮೀನಿಗೆ ಬಾಣಂತನ ಮಾಡಿದೆ ಅಂದರೆ ನಮ್ಮ ಊರಿನವರು ಇವತ್ತಿಗೂ ನಂಬೋದಿಲ್ಲ. ನೀವಾದರೂ ನಂಬಿ.

ಆಗ ನಾನು ಮಗನ ಮನೆಯಲ್ಲಿದ್ದೆ. ಅವನು ಬಸ್ ಸ್ಟಾಂಡಿನಲ್ಲಿ ಟಿಕೆಟ್ ಕೊಡುವ ಕೆಲಸಕ್ಕಿದ್ದ. ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿದ್ದವರು ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಗುರುಸಿದ್ದಪ್ಪ ಮೇಷ್ಟ್ರು, ಅವರ ಹೆಂಡತಿ ರಾಜಮ್ಮ. ಮಕ್ಕಳಿರಲಿಲ್ಲ. ಶಿವಭಕ್ತರ ಮನೆ, ಮೊಟ್ಟೆ ಅಂತ ಬಾಯಲ್ಲಿ ಅಂದರೂ ಬಾಯಿ ತೊಳೆಯುವಷ್ಟು ಮಡಿ. ಅಂಥ ಮನೆಯ ನಡುಮನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಮೀನು! ಪೆಟ್ಟಿಗೆ ಮೇಷ್ಟ್ರೇ ಮಾಡಿದ್ದು. ನಾಲ್ಕು ಗಾಜು, ಮೂಲೆಗೆಲ್ಲ ತಗಡು, ಸಂದಿಗೆ ಅರಗು. ಮೀನು ಸಿಕ್ಕಿದ್ದು ಅವರ ಮಾವನ ಊರು ಕುದೇರಿಗೆ ಹೋದಾಗ, ಸುವರ್ಣಾವತಿ ಹೊಳೆಯಲ್ಲಿ. ಮರಳಿನ ಬಣ್ಣದ ಮೈ, ಪಕ್ಕೆಗೆ ಕರಿ ಚುಕ್ಕಿ, ಬಾಯಿ ಸುತ್ತ ನಾಲ್ಕಾರು ಮೀಸೆ. ಸದ್ದಾದರೆ ಸರಕ್ಕನೆ ಮರಳಿನಲ್ಲಿ ಹೂತುಕೊಂಡು ಕಣ್ಣು ಮಾತ್ರ ಹೊರಗಿಡುತ್ತವೆ. ಗಡಿಯಾಚೆಯ ತಮಿಳಿನವರು ಅಯಿರೆ ಅಂತಾರೆ. ನಾನು ಮರಳು ಮೀನು ಅಂದೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಏನೋ ಅಂದರು. ಮೀನು ಯಾವುದಕ್ಕೂ ಓಗೊಡಲಿಲ್ಲ.

ಹೀಗಿರುವಾಗ ಮೇಷ್ಟ್ರಿಗೆ ಕೆಮ್ಮು ಬಂತು. ಕೆಮ್ಮು ಹೋಗಲಿಲ್ಲ, ಮೈ ಹೋಯಿತು. ಮೈಸೂರಿನ ಕ್ಷಯದ ಆಸ್ಪತ್ರೆಗೆ ಸೇರಿಸಬೇಕು ಅಂದರು. ಹೊರಡುವ ದಿನ ನಾವೆಲ್ಲ ಬಸ್ಸಿನ ಹತ್ತಿರ ನಿಂತಿದ್ದೆವು. ಬೀದಿ ಜನರೆಲ್ಲ ನೋಡುತ್ತಿರುವಾಗ ಗಂಡನಾದವನು ಹೆಂಡತಿಗೆ ಏನು ತಾನೆ ಹೇಳಿಯಾನು? ಕಿಟಕಿಯಿಂದ ತಲೆ ಹೊರಗೆ ಹಾಕಿ, "ರಾಜಾ, ಮೀನು ನೋಡ್ಕೊ" ಅಂದರು. ಬಸ್ಸು ಹೊರಟುಹೋಯಿತು. ಅವಳು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಒಂದು ದಿನ ಹಾಲಿಗೆ ಹೆಪ್ಪು ಕೇಳೋಣ ಅಂತ ಹೋದವಳು ಸುಮ್ಮನೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದೆ. ಇಲ್ಲಿ ನಾನು ಸ್ವಲ್ಪ ಪಾಂಡಿತ್ಯ ತೋರಿಸಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಬಡಕಲು ಅನ್ನೋದನ್ನ ಓದೋಕೆ ಮೂರನೇ ಕ್ಲಾಸೂ ಬೇಡ. ಎತ್ತು ಸೊರಗಿದರೆ ಹಿಂದೆ ನಿಂತು ಚಪ್ಪೆ ಮೂಳೆ ನೋಡಬೇಕು. ಕೂಸು ಸೊರಗಿದರೆ ತೊಡೆ ನೋಡಬೇಕು, ಮಡಿಕೆ ಹೋಗಿ ಚರ್ಮ ಜೋಲುತ್ತದೆ. ಹೆಣ್ಣು ಸೊರಗಿದರೆ ಬಳೆ ನೋಡಬೇಕು, ಎಲ್ಲಿವರೆಗೆ ಜಾರುತ್ತದೆ ಅಂತ. ಮೀನನ್ನು ಮೇಲಿನಿಂದ ನೋಡಬೇಕು. ಈ ನಾಲ್ಕಕ್ಕೂ ತಲೆ ಮಾತ್ರ ತಲೆಯ ಹಾಗಿತ್ತು. ತಲೆಯಿಂದ ಹಿಂದಕ್ಕೆ ಬರೀ ದಾರ. ಹೊಟ್ಟೆ ಒಳಕ್ಕೆ ಚಿವುಟಿದಂತೆ ಹೋಗಿತ್ತು. ತಲೆಯೆತ್ತಿ ನೋಡಿದರೆ ರಾಜಮ್ಮನ ಬಳೆಗಳೂ ಮೊಣಕೈ ಹತ್ತಿರ ಇದ್ದವು.

"ಏನಮ್ಮಿ ಹಾಕ್ತಿದ್ದೀ ಇವಕ್ಕೆ?" ಅಂದೆ.

"ಕಡ್ಲೆಪುರಿ ಹಾಕ್ತೀನಿ ಕಣ್ ದೊಡ್ಡವ್ವ. ದಿನಾಲೂ ಒಪ್ಪತ್ತು. ಸೋಮವಾರ ಮಾತ್ರ ಹಾಕಕಿಲ್ಲ."

"ಸೋಮವಾರ ಏನಾಯ್ತು?"

"ಅವ್ರಿಗೆ ವಾಸಿಯಾಗ್ಲಿ ಅಂತ ಹರಕೆ ಮಾಡ್ಕೊಂಡಿವ್ನಿ. ದಿನಾ ಒಪ್ಪತ್ತು, ಸೋಮವಾರ ಮನೆಯೋರೆಲ್ಲ ಪೂರ್ತಿ ಉಪಾಸ ಅಂತ. ಮನೇಲಿ ಇನ್ಯಾರವ್ರೆ? ನಾನು, ಇವು. ಇವೂ ಮನೆಯೋರೇ ಅಲ್ವಾ?"

ನನಗೆ ನಗು ಬಂದದ್ದು ನಿಜ. "ಹರಕೆ ಹೊರೋಕ್ಮುಂಚೆ ಅವನ್ನ ಒಂದ್ಮಾತು ಕೇಳಿದ್ಯಾ?" ಅಂದುಬಿಟ್ಟೆ. ಅವಳು ನಗಲಿಲ್ಲ. ಗಾಜಿನ ಮೇಲೆ ಬೆರಳಿಟ್ಟುಕೊಂಡು, "ಇವಕ್ಕೇನಾರ ಆದ್ರೆ ದೊಡ್ಡವ್ವ, ಅಲ್ಲಿ ಅವ್ರಿಗೂ…" ಅಂತ ಅಂದು ನಿಲ್ಲಿಸಿದಳು.

"ಬಾಯ್ಮುಚ್ಚು" ಅಂದೆ. ಸಮಾಧಾನ ಹೇಳೋಕೆ ನನಗೆ ಬರೋದು ಅದೊಂದೇ ಮಾತು. ಆದರೆ ಆವತ್ತಿನಿಂದ ನನಗೂ ಗೊತ್ತಾಯಿತು, ಈ ಮೀನು ಸತ್ತರೆ ಇವಳು ಗಂಡ ಬರೋಗಂಟ ಬದುಕಿದ್ದೂ ಸತ್ತಂತೆ ಇರುತ್ತಾಳೆ ಅಂತ.

ಪುರಿಯ ಕಥೆ ಕೇಳಿ. ಪುರಿ ತೇಲುತ್ತದೆ. ಈ ಮೀನು ಇರೋದು ತಳದಲ್ಲಿ. ಅವು ಕೆಳಗೆ ಬಾಯಿ ಬಿಟ್ಟುಕೊಂಡು ಮರಳು ಕೆದಕುತ್ತಿದ್ದವು. ಪುರಿ ಮೇಲೆ ನೆನೆದು ಊದಿಕೊಂಡು ಮೆರವಣಿಗೆ ಹೋಗುತ್ತಿತ್ತು. ಜಗಲಿ ಮೇಲೆ ಎಲೆ ಹಾಕಿ ಬಾವಿಯೊಳಗಿದ್ದವರನ್ನು ಊಟಕ್ಕೆ ಕರೆದಂತೆ. ಸಾಲದ್ದಕ್ಕೆ ಅವಳು ಹಾಕುತ್ತಿದ್ದದ್ದು ಹೊತ್ತೇರಿದ ಮೇಲೆ. ಬೆಳಕಿದ್ದಾಗ ಇವು ಮರಳಿನಿಂದ ಏಳೋದೇ ಇಲ್ಲ. ಬೇಗೂರಿನಲ್ಲಿ ನಾವು ಇಂಥವನ್ನು ಹಿಡಿಯುತ್ತಿದ್ದದ್ದು ಹೊತ್ತು ಮುಳುಗುವಾಗ, ಹುಳ ಸಿಕ್ಕಿಸಿ. ಹಿಡಿದು ತಿನ್ನೋಕೆ ಕಲಿತ ವಿದ್ಯೆ ಇಲ್ಲಿ ತಿನ್ನಿಸೋಕೆ ಬಂತು.

ಆದರೆ ಹರಕೆ ಏನು ಮಾಡೋದು? ಸೋಮವಾರ ಮೀನಿಗೆ ಹಾಕಿದರೆ ಶಿವನಿಗೆ ಮಾತು ತಪ್ಪಿದಂತೆ ಅಂತ ರಾಜಮ್ಮ ಹಟ ಹಿಡಿದಳು. ಕೊನೆಗೆ ನಾನೇ ಅಂದೆ: "ಅವುಗಳ ಪಾಲಿನ ಉಪಾಸ ನಾನ್ ಮಾಡ್ತೀನಿ ಬುಡು. ನಾಲ್ಕು ಮೀನಿಗಿಂತ ನಾನು ದಪ್ಪ ಇವ್ನಿ, ಶಿವನಿಗೆ ಲಾಭವೇ." ಅವಳು ಒಪ್ಪಿದಳು. ನಾನು ಮುದ್ದೆ ಬಿಟ್ಟು ಒಂದು ಹೊತ್ತು ಇದ್ದವಳಲ್ಲ. ಮೊದಲ ಸೋಮವಾರ ಮಧ್ಯಾಹ್ನಕ್ಕೇ ಗೋಡೆ ಹಿಡಿದುಕೊಂಡು ಓಡಾಡಿದೆ. ಮಗ ಊಟಕ್ಕೆ ಬಂದವನು, "ಯಾರಿಗವ್ವ ಉಪಾಸ?" ಅಂದ. "ಮೀನಿಗೆ ಕಣ್ಲಾ" ಅಂದೆ. ಅವನು ನನ್ನ ಹಣೆ ಮುಟ್ಟಿ ನೋಡಿದ.

ಎರಡನೇ ತಕರಾರು ಹುಳದ್ದು. ಹುಳ ಅಂದ ಕೂಡಲೇ ರಾಜಮ್ಮ ಎದೆ ಮೇಲಿನ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದರಲ್ಲೂ ಹೊತ್ತು ಮುಳುಗುವಾಗ! ಅದು ದೀಪ ಹಚ್ಚುವ ಹೊತ್ತು, ಲಕ್ಷ್ಮಿ ಮನೆಯೊಳಕ್ಕೆ ಬರುವ ಹೊತ್ತು. ಆಗ ನಡುಮನೆಯಲ್ಲಿ ಹುಳ ಬಡಿಸೋದೇ? ಹಂಗಾದರೆ ಒಂದು ಕೆಲಸ ಮಾಡನ ಅಂದೆ. ನೀನು ದೇವರ ಮುಂದೆ ದೀಪ ಹಚ್ಚಿ ಆ ಕಡೆ ಮುಖ ಮಾಡಿ ಕೂತ್ಕೊ, ನಾನು ಈ ಕಡೆ ನನ್ನ ಕೆಲಸ ಮುಗಿಸ್ತೀನಿ. ನೀನು ಗಂಟೆ ಬಾರಿಸಿದಾಗ ನಾನು ಹಾಕ್ತೀನಿ. ಹಂಗೇ ನಡೆಯಿತು. ಒಂದು ವಾರ ಕಳೆಯೋದರೊಳಗೆ ಮಂಗಳಾರತಿ ಗಂಟೆಗೆ ಮೀನುಗಳು ಮರಳಿನಿಂದ ಮೀಸೆ ಹೊರಗೆ ಹಾಕತೊಡಗಿದವು. ರಾಜಮ್ಮ ಇದನ್ನ ಭಕ್ತಿ ಅಂದಳು. ನಾನು ಹುಳದ ತೆಂಗಿನ ಚಿಪ್ಪು ತೊಳೆಯೋಕೆ ಹಿತ್ತಲಿಗೆ ಹೋದೆ.

ಹಸಿದ ಹೊಟ್ಟೆಗೆ ಒಂದೇ ಸಲ ತುಂಬಬಾರದು. ಬಾಣಂತಿಗೆ ಮೊದಲ ದಿನವೇ ಕೋಳಿಸಾರು ಕೊಡುತ್ತೀವಾ? ಮೊದಮೊದಲು ಬರೀ ಸೊಳ್ಳೆ ಮರಿ. ಮಲೇರಿಯಾದವರು ಬೀದಿಯ ತೊಟ್ಟಿಗೆಲ್ಲ ಮದ್ದು ಹಾಕಿ ಹೋಗಿದ್ದರು. ಮದ್ದು ಬೀಳದ ತೊಟ್ಟಿ ಹುಡುಕಿಕೊಂಡು ನಾನು ಹಿತ್ತಲು ಹಿತ್ತಲು ಅಲೆಯೋದನ್ನ ಕಂಡು ಜನ, "ಏನಜ್ಜಿ, ಸೊಳ್ಳೆ ಸಾಕ್ತಿದ್ದೀರಾ?" ಅನ್ನೋರು. ಆಮೇಲೆ ಬಚ್ಚಲ ನೀರು ಹರಿಯುವ ಬಾಳೆಗಿಡದ ಬುಡದಲ್ಲಿ ಎಳೆ ಎರೆಹುಳ ಕೆದಕಿ, ತೊಳೆದು, ಸಾಸಿವೆ ಗಾತ್ರಕ್ಕೆ ಹೆಚ್ಚಿ, ತಳಕ್ಕೆ ಬೀಳುವಂತೆ ಹಾಕೋದು. ಚಿಟಿಕೆಯಷ್ಟು. ತಿಂದು ಉಳಿದದ್ದನ್ನ ಬೆಳಿಗ್ಗೆ ತೆಗೆಯೋದು, ಒಂದು ಚೊಂಬು ಹಳೇ ನೀರು ಚೆಲ್ಲಿ ಒಂದು ಚೊಂಬು ಬಾವಿ ನೀರು ಬಿಡೋದು. ಬಚ್ಚಿಟ್ಟುಕೊಳ್ಳೋಕೆ ಒಡೆದ ಹೆಂಚಿನ ಚೂರು ಮಗುಚಿ ಇಟ್ಟೆ. ಮರೆ ಇಲ್ಲದೆ ಉಣ್ಣು ಅಂದರೆ ಮನುಷ್ಯರಿಗೇ ಇಳಿಯೋದಿಲ್ಲ.

ಮೂರು ಮೀನು ಮುಖ ಎತ್ತಿದವು. ಒಂದು ಎತ್ತಲಿಲ್ಲ. ಅದೂ ತಿನ್ನುತ್ತಿತ್ತು, ಆದರೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಅಂಥವು ಇರುತ್ತವೆ, ದನದಲ್ಲೂ, ಮಕ್ಕಳಲ್ಲೂ. ಅದಕ್ಕೆ ನನ್ನ ಹತ್ತಿರ ಮದ್ದಿರಲಿಲ್ಲ. ಒಂದು ಬೆಳಿಗ್ಗೆ ಗೋಡೆಯಾಚೆ ಸದ್ದೇ ಇಲ್ಲದ್ದು ಕಂಡು ಹೋಗಿ ನೋಡಿದರೆ, ಒಲೆ ಹಚ್ಚಿಲ್ಲ, ರಾಜಮ್ಮ ಪೆಟ್ಟಿಗೆಯ ಮುಂದೆ ಕೂತಿದ್ದಾಳೆ. ಮೀನು ಮಗ್ಗುಲಾಗಿ ತೇಲುತ್ತಿತ್ತು.

"ಕುದೇರಿಗೆ ಹೋಗೋ ಬಸ್ಸಿನೋರಿಗೆ ಹೇಳಿದ್ರೆ ಇನ್ನೊಂದು ತರ್ಸ್ಕೊಡ್ತಾನೆ ನನ್ ಮಗ. ಒಂದೇ ಥರ ಇರ್ತವೆ, ಯಾರಿಗೆ ಗೊತ್ತಾಯ್ತದೆ?" ಅಂದೆ.

"ಬ್ಯಾಡ ದೊಡ್ಡವ್ವ. ಲೆಕ್ಕ ಸರಿಹೋಯ್ತದೆ, ಅದು ಅವ್ರು ತಂದಿದ್ದಾಗಕಿಲ್ಲ. ಅವ್ರು ಬಂದ್ ದಿಸ ನಾನೇ ಹೇಳ್ತೀನಿ."

ಬಾಳೆ ಬುಡದಲ್ಲಿ ಗುಂಡಿ ತೋಡಿ, ವಿಭೂತಿ ಇಟ್ಟು ಮಣ್ಣು ಮಾಡಿದೆವು. ನನ್ನ ಜನ್ಮದಲ್ಲಿ ನಾನು ಮಣ್ಣು ಮಾಡಿದ ಮೀನು ಅದೊಂದೇ. ಉಳಿದವಕ್ಕೆಲ್ಲ ಮಸಾಲೆ ಅರೆದಿದ್ದೇನೆ. ಆವತ್ತು ಸಂಜೆ ನಾನು ಹುಳದ ಚಿಪ್ಪು ಹಿಡಿದು ಹೋದರೆ ರಾಜಮ್ಮ ದೇವರ ಕಡೆ ಮುಖ ಮಾಡಿ ಕೂತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆ ಪಕ್ಕ ನಿಂತಿದ್ದಳು. "ಕೊಡಿ ಇಲ್ಲಿ" ಅಂದಳು. ಕಣ್ಣು ಮುಚ್ಚಿಕೊಂಡು, ಮುಖ ಕಿವುಚಿಕೊಂಡು, ಬಾಯಲ್ಲಿ ಶಿವಶಿವ ಅಂದುಕೊಂಡು ಚಿಟಿಕೆ ಹುಳ ಹಾಕಿದಳು. ಆಮೇಲೆ ನನಗೆ ಬೇರೆ ಕಷ್ಟ ಶುರುವಾಯಿತು: ಅವಳನ್ನು ನಿಲ್ಲಿಸೋದು. "ಇನ್ನೊಂಚೂರು ಹಾಕ್ಲಾ? ನೋಡಿ, ಕೇಳ್ತಾವೆ" ಅನ್ನೋಳು. "ಮೀನು ಯಾವತ್ತೂ ಬ್ಯಾಡ ಅನ್ನಕಿಲ್ಲ, ತಗಿ ಕೈಯ" ಅಂತ ಗದರಬೇಕಾಗಿತ್ತು. ಬರಬರುತ್ತಾ ಮೂರೂ ಮೀನಿನ ಬೆನ್ನು ತುಂಬಿಕೊಂಡಿತು. ಮೇಲಿನಿಂದ ನೋಡಿದರೆ ತಲೆ ಯಾವುದು ಮೈ ಯಾವುದು ಅನ್ನದ ಹಾಗೆ ಒಂದೇ ಹದ.

ಮೇಷ್ಟ್ರು ಬಂದರು. ಅಂಗಿ ಮಾತ್ರ ಹೋದಂತೆಯೇ ಬಂದಿತ್ತು, ಒಳಗಿದ್ದವರು ಅರ್ಧ ಆಗಿದ್ದರು. ಕಾಲು ತೊಳೆದು ನೆಟ್ಟಗೆ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿದರು. ರಾಜಮ್ಮ ಅಡಿಗೆಮನೆ ಬಾಗಿಲಿಗೆ ಅಂಟಿಕೊಂಡು ನಿಂತಳು. ಅವಳ ಉಸಿರು ನನಗೆ ಕೇಳಿಸುತ್ತಿತ್ತು.

"ಮೂರು ಇದಾವಲ್ಲ!" ಅಂದರು ಮೇಷ್ಟ್ರು.

"ನಾಕಿದ್ವು" ಅಂದಳು ಅವಳು.

"ಒಂದೂ ಇರಲ್ಲ ಅಂದ್ಕೊಂಡಿದ್ದೆ. ನೀನು ಪುರಿ ಹಾಕ್ತಿರ್ತೀಯ ಅಂತ ನನಗೆ ಗೊತ್ತಿಲ್ವಾ? ನಿನಗೇನು ಸಮಾಧಾನ ಹೇಳೋದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ."

ನೋಡಿ ಹೇಗಿದೆ! ಅವರು ಅಲ್ಲಿ ಇವಳಿಗೆ ಹೆದರಿ, ಇವಳು ಇಲ್ಲಿ ಅವರಿಗೆ ಹೆದರಿ, ನಡುವೆ ನಾನು ಮುದ್ದೆ ಬಿಟ್ಟೆ. "ಅದನ್ನ ಹೋಗೋವಾಗ್ಲೇ ಹೇಳ್ಬಾರ್ದಾಗಿತ್ತಾ ಮೇಷ್ಟ್ರೇ? ಪುರಿ ಬೇಡ ಅಂತ ಒಂದ್ಮಾತು?" ಅಂದೆ. "ಬಸ್ಸು ಹೊರಟುಬಿಡ್ತಲ್ಲ ದೊಡ್ಡವ್ವ" ಅಂದರು ಅವರು, ತಲೆ ತಗ್ಗಿಸಿಕೊಂಡು.

ರಾಜಮ್ಮ ಎಲೆ ಹಾಕಿದಳು. ಅನ್ನದ ಗುಡ್ಡ, ಅದರ ನೆತ್ತಿಗೆ ತುಪ್ಪ. ನನಗೆ ತಡೆಯಲಾಗಲಿಲ್ಲ. "ಏ ಅಮ್ಮಿ, ಕಮ್ಮಿ ಬಡ್ಸು. ಸೊರಗಿದ ಹೊಟ್ಟೆ. ಚಿಟಿಕೆ ಚಿಟಿಕೆ ಹಾಕು, ತಿಂದದ್ದು ನೋಡ್ಕೊಂಡು ಆಮೇಲೆ…"

ಅವಳು ತಲೆ ಕೂಡ ಎತ್ತಲಿಲ್ಲ. "ಸುಮ್ಕಿರಿ ದೊಡ್ಡವ್ವ, ಇವ್ರೇನು ಮೀನಾ?" ಅಂದು ಇನ್ನೊಂದು ಸೌಟು ಬಡಿಸಿದಳು.

ಗಂಡ ಬೇರೆ, ಮೀನು ಬೇರೆ. ಅಷ್ಟು ಸಣ್ಣ ಮಾತು ಅವಳ ಬಾಯಿಂದ ಬರೋಕೆ ಎಷ್ಟು ಎರೆಹುಳ ಖರ್ಚಾಗಿತ್ತು ಅನ್ನೋದು ಆ ಬಾಳೆಗಿಡಕ್ಕೆ ಗೊತ್ತು.