ಬೆಸುಗೆ ಕಾಣದ ಸನಾದಿ

ಗದಗ-ಬೆಟಗೇರಿಯಲ್ಲಿ ಕಿವಿ ಇರುವವನು ತಾನೊಬ್ಬನೇ ಎಂದು ಖಲೀಲ ನಂಬಿದ್ದ. ಉಳಿದವರ ಕಿವಿಗಳು ಅವನ ಪ್ರಕಾರ ಕನ್ನಡಕದ ಕಡ್ಡಿ ಸಿಕ್ಕಿಸುವುದಕ್ಕಷ್ಟೇ ಇದ್ದವು. ಅಕ್ಕಪಕ್ಕದ ಮಗ್ಗಗಳ ಸಪ್ಪಳ ಒಳಗೆ ಬರಬಾರದೆಂದು ತನ್ನ ಅಂಗಡಿಯ ನಾಲ್ಕೂ ಗೋಡೆಗೆ ಹಳೆಯ ಕೌದಿಗಳನ್ನು ಬಡಿದು, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟುಕೊಂಡಿದ್ದ. ಅಲ್ಲಿ ಹೆಡ್‌ಫೋನ್ ಏರಿಸಿಕೊಂಡು ಕೂತು ವಾದ್ಯದ ತುಣುಕುಗಳ ತಲೆಗೂ ಬಾಲಕ್ಕೂ ಗಂಟು ಹಾಕುವುದು ಅವನ ಕಸುಬು. ಎರಡು ನಿಮಿಷದ ರೆಕಾರ್ಡಿಂಗ್ ಕೊಟ್ಟರೆ ಸಾಕು, ಅದು ಮುಗಿದಲ್ಲೇ ಮತ್ತೆ ಶುರುವಾಗಿ ದಿನವಿಡೀ ತಿರುಗುವ ಲೂಪ್ ಮಾಡಿಕೊಡುತ್ತಿದ್ದ. ಪರದೆಯ ಮೇಲಿನ ಅಲೆ ನಡುಗೆರೆಯನ್ನು ದಾಟುವಲ್ಲಿಯೇ ಕತ್ತರಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಟಕ್ ಎನ್ನುತ್ತದೆ. ಅವನ ಲೂಪ್ ಎಂದೂ ಟಕ್ ಎಂದಿರಲಿಲ್ಲ.

ಹುಲಕೋಟಿಯ ಅಂದಪ್ಪ ಮಗಳ ಮದುವೆಗೆ ಸನಾದಿಯ ಲೂಪ್ ಬೇಕೆಂದಾಗ ಖಲೀಲ ಅಡರಕಟ್ಟಿಯಿಂದ ರಹಮಾನಸಾಬನನ್ನು ಕರೆಸಿದ. ಸುತ್ತಲಿನ ಊರುಗಳ ಮದುವೆಗಳಲ್ಲಿ ಸನಾದಿ ಊದುತ್ತಲೇ ಹಲ್ಲು ಉದುರಿಸಿಕೊಂಡ ಮುದುಕ ಅವನು.

"ಚಾಚಾ, ನೀವು ಭಾಳ ಉಸರ ತಗೋತೀರಿ. ಎಲ್ಲಾ ಕೇಳಸ್ತೈತಿ."

"ಉಸರ ತಗೊಳ್ದ ಊದಾಕ ನಾ ಏನ್ ಸೈಕಲ್ ಪಂಪೇನ್ಲೇ?"

ಖಲೀಲ ತುಟಿ ಕೊಂಕಿಸಿದ. ಇಂಥವರಿಗೆ ಏನು ಹೇಳುವುದು! ಮುದುಕನ ಒಂದೊಂದೇ ಉಸಿರನ್ನು ಕತ್ತರಿಸಿ ಬಿಸಾಕಿದ. ನಡುವೆ ಬಂದ ಒಂದು ಕೆಮ್ಮನ್ನೂ ತೆಗೆದ. ಕೊನೆಯಲ್ಲಿ ರಹಮಾನಸಾಬ ಇದ್ದಕ್ಕಿದ್ದಂತೆ ಸ್ವರ ಏರಿಸಿ ಜೋರಾಗಿ ಊದಿದ್ದ. ಆ ಅಬ್ಬರ ಮೊದಲಿನ ಮೆಲುದನಿಗೆ ಹೇಗೂ ಹೊಂದುವಂತಿರಲಿಲ್ಲ.

"ಅದು ತಾಳಿ ಕಟ್ಟಿ ಅಕ್ಕಿಕಾಳ ಹಾಕೂ ಹೊತ್ತಿನ ಬಾರ್ಸಾಣಿಕಿಲೇ, ಇರ್ಲಿ ಬಿಡು" ಎಂದ ಮುದುಕ.

"ಅದು ಕೂಡಂಗಿಲ್ರಿ ಚಾಚಾ" ಎಂದು ಖಲೀಲ ಅದನ್ನೂ ಅಳಿಸಿದ. ರಹಮಾನಸಾಬ ಸನಾದಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದ.

ಮದುವೆಯ ದಿನ ಖಲೀಲ ತಾನೇ ಲ್ಯಾಪ್‌ಟಾಪ್ ಹೊತ್ತು ಹೋದ. "ಬೆಸಗಿ ಎಲ್ಲೈತಿ ಅಂತ ಯಾರರ ತೋರಿಸಿದ್ರ ಈ ಕಸಬಽ ಬಿಡ್ತೇನ್ರಿ" ಎಂದು ಅಂದಪ್ಪನ ಮುಂದೆ ಹತ್ತು ಜನ ಕೇಳುವಂತೆ ಸಾರಿದ. ಮಂಟಪದ ಹಿಂದಿನ ಸಾಲಿನ ಪಕ್ಕ ಕೂತು, ಲೂಪನ್ನು ಸ್ಪೀಕರಿಗೆ ಬಿಟ್ಟು, ತಾನು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದ. ಹಪ್ಪಳ, ಸೀರೆ, ಸೊಸೆಯಂದಿರ ಮಾತಿನಲ್ಲಿ ಮುಳುಗಿದ್ದ ಈ ಜನಕ್ಕೆ ತನ್ನ ಕೆಲಸ ತಿಳಿಯುವುದುಂಟೇ ಎಂದು ಅವನಿಗೆ ಮರುಕ ಬಂತು. ಸನಾದಿ ಎಣ್ಣೆಯಂತೆ ಹರಿಯುತ್ತಿತ್ತು. ತನ್ನ ಬೆಸುಗೆ ಅವನಿಗೇ ಸಿಗಲಿಲ್ಲ.

ಮುಹೂರ್ತಕ್ಕೆ ಮದುವೆ ಮಾಡಿಸುವ ಅಯ್ಯನವರು ವಾದ್ಯ ಏರಿಸೆಂದು ಅವನತ್ತ ಕೈ ಬೀಸಿದರು. ಕಣ್ಣು ಮುಚ್ಚಿದವನಿಗೆ ಕಾಣಲಿಲ್ಲ. ಕಂಡಿದ್ದರೂ ನುಡಿಸಲು ಅವನು ಅಳಿಸಿದ ಆ ಅಬ್ಬರ ಉಳಿದಿರಲಿಲ್ಲ. ವಾದ್ಯ ಏರಲಿಲ್ಲ. ಮುಂದೆ ಕೂತವರು ತಾಳಿ ಕಟ್ಟುವುದನ್ನು ಕಂಡು ಅಕ್ಕಿಕಾಳು ಎಸೆದರು. ಹಿಂದಿನವರು ವಾದ್ಯ ಏರಲೆಂದು ಮುಷ್ಟಿ ಬಿಗಿಹಿಡಿದು ಕಾಯುತ್ತಲೇ ಇದ್ದರು. ಅಷ್ಟರಲ್ಲಿ ಮದುವೆ ಮುಗಿದು ಮಂದಿ ಊಟದ ಪಂಕ್ತಿಗೆ ಎದ್ದಿದ್ದರು.

ಯಾರೋ ಭುಜ ಮುಟ್ಟಿದಂತಾಗಿ ಖಲೀಲ ಕಣ್ಣು ತೆರೆದು ಹೆಡ್‌ಫೋನ್ ಸರಿಸಿದ. ಅಂದಪ್ಪನ ತಾಯಿ ಸಾವಿತ್ರೆವ್ವ, ಮಬ್ಬುಗಣ್ಣಿನ ಮುದುಕಿ. ಮೊಮ್ಮಗಳ ಮೇಲೆ ಹಾಕಬೇಕೆಂದು ಬೆಳಗಿನಿಂದ ಹಿಡಿದಿದ್ದ ಅಕ್ಕಿ ಬೆವರಿಗೆ ಅವಳ ಅಂಗೈಗೆ ಅಂಟಿಕೊಂಡಿತ್ತು.

"ತಾಳಿ ಕಟ್ಟೂದು ಆತೇನೋ ತಮ್ಮಾ?"

"ಆತ್ರಿ ಅವ್ವಾರ."

"ಸನಾದಿ ಏರಲೇ ಇಲ್ಲಲ್ಲೋ. ಕಣ್ಣ ಕಾಣಂಗಿಲ್ಲ, ನಾ ಅದರ ಹಾದೀನಽ ಕಾಯ್ಕೋಂತ ಕುಂತಿದ್ದೆ." ಅವಳು ಅಕ್ಕಿಯನ್ನು ಅವನ ಕೈಗೆ ಬಿಡಿಸಿ ಹಾಕಿದಳು. "ಪಾಪ, ಆ ಊದಾಂವಗ ಹೇಳಪಾ, ಮುಂಜಾನಿಂದ ಒಂದರ ಉಸರ ತಗೊಂಡಿಲ್ಲ. ಸಾಕು, ಉಣ್ಣಾಕ ಬಾ ಅನ್ನು."

ಖಲೀಲ ಅಕ್ಕಿಯನ್ನು ಮುಷ್ಟಿಯಲ್ಲೇ ಹಿಡಿದು ಎದ್ದ. ಊಟ ಮಾಡದೆ ಬೆಟಗೇರಿಗೆ ಬಂದು, ಕೌದಿಗಳ ನಡುವೆ ಕೂತು, ಅದೇ ಸನಾದಿಯನ್ನು ಸಂಜೆಯವರೆಗೂ ತಿರುಗಿಸಿದ. ಒಂದೇ ಒಂದು ಟಕ್ ಸಿಕ್ಕಿದ್ದರೆ ಕಸುಬು ಬಿಡಲು ನೆಪವಾದರೂ ಆಗುತ್ತಿತ್ತು. ಸಿಗಲಿಲ್ಲ.