ಅವ್ವನ ಮೊಣಕಾಲು, ಕೂಸಿನ ಕುರ್ಚಿ

ಬನಹಟ್ಟಿಯ ಮಗ್ಗದ ಮೇಸ್ತ್ರಿ ಪರಮಾನಂದ, ಎಂಟು ತಿಂಗಳ ಮಗಳನ್ನು ಕಾರಿನಲ್ಲಿ ಹಿಮ್ಮುಖವಾಗಿ ಕೂರಿಸುವ ಕುರ್ಚಿಯನ್ನು ಹೊತ್ತು, ಮುಧೋಳದಲ್ಲಿ ಎರಡು ಕಾರು ಬೇಡವೆಂದು ಬಂದು, ಜಮಖಂಡಿಯ ಅಂಗಡಿಯಲ್ಲಿ ಮೂರನೆಯ ಕಾರಿನ ಬಾಗಿಲು ತೆರೆದ. ಕುರ್ಚಿ ಹಿಂದೆ ಕೂತಿತು. ಆದರೆ ಅದಕ್ಕೆಂದು ಮುಂದಿನ ಸೀಟನ್ನು ಮುಂದಕ್ಕೆ ಸರಿಸಿದಾಗ, ಮೊಣಕಾಲು ಮಡಚಲಾಗದ ಅವ್ವ ಶಿವಗಂಗವ್ವನಿಗೆ ಅಲ್ಲಿ ಕೂರಲಾಗಲಿಲ್ಲ.

"ಕುರ್ಚಿ ತಿರುವಿ ಇಡ್ರಿ, ಕೂಸು ರಸ್ತೆ ನೋಡ್ತೈತಿ," ಎಂದ ಮಾರಾಟಗಾರ.

"ರಸ್ತೆ ನೋಡಾಕ ನಾ ಅದೀನ್ರಿ. ಬ್ರೇಕ್ ಹಾಕಿದ್ರ ಅಕಿ ಕುತ್ತಿಗಿ ತಡಿಯೂದಿಲ್ಲ."

ಪರಮಾನಂದ ಮುಂದಿನ ಸೀಟಿನ ಜಾಗಕ್ಕೆ ಮತ್ತೆ ಅಳತೆಯ ಟೇಪು ಹಿಡಿದ, ಅಳತೆ ಬದಲಾಗಲಿಲ್ಲ.

ಶಿವಗಂಗವ್ವನ ತಾಳ್ಮೆ ಮುಗಿಯಿತು. "ನನ್ನನ್ನ ಮುಂದಿನ ಸೀಟಿನ್ಯಾಗ ಕೂಡಸೂ ಹಟ ಯಾಕಲೇ?"

"ಹಿರ್ಯಾರ್ನ ಹಿಂದ ಕೂಡಿಸಿದ್ರ ಮಂದಿ ಏನಂದಾರು?"

"ನನ್ನ ಕಾಲು ಮಂದಿಗಿ ನೋಯ್ತೈತೇನು? ಮುಂದ ಸೊಸಿ ಕೂಡ್ಲಿ, ಗಿಡ್ಡಕಿ ಅದಾಳ."

ಹಿಂದೆ ಹತ್ತಿ, ಕೂಸಿನ ಕುರ್ಚಿಯ ಪಕ್ಕದಲ್ಲಿ ಕೂತು, ಮುಂದಿನ ಎರಡು ಸೀಟುಗಳ ನಡುವೆ ಕಾಲು ಚಾಚಿದಳು. ಸಲೀಸಾಗಿ ಹಿಡಿಸಿತು.

ಪರಮಾನಂದನಿಗೆ ಸಮಾಧಾನವಾಗಲಿಲ್ಲ. "ಇಳಿಬೇ ಅವ್ವಾ. ನೀ ಹಿಂದ ಕೂಡೂದಾದ್ರ ಮುಧೋಳದಾಗ ಬ್ಯಾಡಂದ ಎರಡೂ ಕಾರು ಮತ್ತ ಅಳೀಬೇಕಾತು."